ಪಾಸ್‌ನವರಿಗೆ ವ್ಯಾಯಾಮಕ್ಕೆ ಹೊತ್ತು ಎಲ್ಲಿದೆ? ನಮ್ಮ ಗುಂಪಿನಲ್ಲಿ ತುಮಕೂರಿನ ಫಿಸಿಯೋ ಮೇಡಂ ಹತ್ತಿರ ಕೇಳಿ

ಪ್ರಶ್ನೆ, ಶೆಟ್ಟಿಹಳ್ಳಿಯಿಂದ

ಮೇಡಂ, ನಮಸ್ಕಾರ. ನನಗೆ 38 ವರ್ಷ. ಹನ್ನೊಂದು ವರ್ಷದಿಂದ ತುಮಕೂರು–ಬೆಂಗಳೂರು ರೈಲು ಪಾಸ್ ಮೇಲೆ ಓಡಾಡುತ್ತಿದ್ದೇನೆ. ಬೆಳಗ್ಗೆ ಆರೂವರೆಗೆ ಮನೆ ಬಿಟ್ಟರೆ ವಾಪಸ್ ಬರುವುದು ರಾತ್ರಿ ಎಂಟೂವರೆಗೆ. ರಾಜಾಜಿನಗರದಲ್ಲಿ ಅಕೌಂಟ್ಸ್ ಕೆಲಸ, ಇಡೀ ದಿನ ಕುರ್ಚಿ ಮೇಲೆ. ಹೋದ ತಿಂಗಳು ಟೆಸ್ಟ್ ಮಾಡಿಸಿದಾಗ ಶುಗರ್ ಗಡಿ ಹತ್ತಿರ ಬಂದಿದೆ ಎಂದರು. ದಿನಾ ಒಂದು ಗಂಟೆ ವಾಕಿಂಗ್ ಮಾಡಿ ಎಂದು ಡಾಕ್ಟರ್ ಬರೆದುಕೊಟ್ಟಿದ್ದಾರೆ. ಆ ಒಂದು ಗಂಟೆ ಎಲ್ಲಿಂದ ತರಲಿ? ನಾಲ್ಕೂವರೆಗೆ ಎದ್ದು ಅಮಾನಿಕೆರೆ ಹತ್ತಿರ ನಡೆದು ನೋಡಿದೆ. ಒಂಬತ್ತು ದಿನ ಆಯಿತು, ಹತ್ತನೇ ದಿನ ಏಳಲು ಆಗಲಿಲ್ಲ. ಜಿಮ್‌ಗೂ ಮೂರು ತಿಂಗಳ ದುಡ್ಡು ಕಟ್ಟಿ ನಾಲ್ಕು ಸಲ ಹೋಗಿ ಬಿಟ್ಟೆ. ನನ್ನ ಕೈಲಿ ಆಗುವುದಿಲ್ಲ ಅನ್ನಿಸಿಬಿಟ್ಟಿದೆ.

ಫಿಸಿಯೋ ಮೇಡಂ

ಸರ್, ಒಂಬತ್ತು ದಿನ ಎದ್ದಿದ್ದೀರಲ್ಲ, ನಿಮಗೆ ಮನಸ್ಸಿದೆ. ತಪ್ಪಿದ್ದು ಹೊತ್ತಿನ ಲೆಕ್ಕದಲ್ಲಿ. ಎಂಟೂವರೆಗೆ ಮನೆಗೆ ಬಂದು, ಊಟ ಮಾಡಿ, ಮಕ್ಕಳ ಜೊತೆ ಸ್ವಲ್ಪ ಕೂತು ಮಲಗುವಷ್ಟರಲ್ಲಿ ಹತ್ತೂವರೆ–ಹನ್ನೊಂದು ಆಗುತ್ತದೆ. ನಾಲ್ಕೂವರೆಗೆ ಎದ್ದರೆ ಆರು ಗಂಟೆ ನಿದ್ದೆಯೂ ಕಷ್ಟ. ನಮ್ಮ ವಯಸ್ಸಿಗೆ 7 ಗಂಟೆಯಾದರೂ ಬೇಕು. ನಿದ್ದೆ ಕಮ್ಮಿಯಾದರೆ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ, ಹಸಿವೂ ಜಾಸ್ತಿಯಾಗುತ್ತದೆ. ಶುಗರ್ ಇಳಿಸಬೇಕು ಎಂದು ನಿದ್ದೆ ಬಿಟ್ಟರೆ ಅದು ಏರುವ ದಾರಿಯನ್ನೇ ನಾವು ಹಿಡಿದ ಹಾಗೆ.

ಇದು ನನ್ನ ಅನುಭವ ಕೂಡ. ನಾನು ನಾಲ್ಕು ವರ್ಷ ಬೆಂಗಳೂರಿನ ಕೆಲಸಕ್ಕೆ ಇದೇ ಪಾಸ್ ಮೇಲೆ ಹೋಗಿಬಂದವಳು. ನಾಲ್ಕು ಗಂಟೆಗೆ ಅಲಾರಾಂ ಇಟ್ಟು ಜೂನಿಯರ್ ಕಾಲೇಜ್ ಮೈದಾನಕ್ಕೆ ಓಡುತ್ತಿದ್ದೆ. ಎರಡು ತಿಂಗಳಲ್ಲಿ ಸುಸ್ತಾಗಿ ಪೂರ್ತಿ ಬಿಟ್ಟೆ. ಆಮೇಲೆ ಒಂದು ವರ್ಷ ಏನೂ ಮಾಡಲಿಲ್ಲ. ಅದಕ್ಕೇ ನನ್ನ ಹತ್ತಿರ ಬರುವ ಪಾಸ್‌ನವರಿಗೆಲ್ಲ ಮೊದಲು ಹೇಳುವುದು ಇದನ್ನೇ: ನಿದ್ದೆಯಿಂದ ಕಿತ್ತ ಹೊತ್ತಿನಲ್ಲಿ ವ್ಯಾಯಾಮ ಬೇಡ.

ಹಾಗಾದರೆ ಹೊತ್ತು ಎಲ್ಲಿಂದ? ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಮಟ್ಟದ ಚಟುವಟಿಕೆ ಸಾಕು ಎಂದಿದೆ. ದಿನದ ಲೆಕ್ಕಕ್ಕೆ ಹಂಚಿದರೆ 22 ನಿಮಿಷದಿಂದ ಶುರು. ಮೊದಲು ಒಂದು ಷರತ್ತಿತ್ತು, ಒಂದೇ ಸಲಕ್ಕೆ ಕನಿಷ್ಠ 10 ನಿಮಿಷ ಮಾಡಿದರೆ ಮಾತ್ರ ಲೆಕ್ಕಕ್ಕೆ ಬರುತ್ತದೆ ಎಂದು. 2020ರಲ್ಲಿ ಆ ಷರತ್ತನ್ನು ತೆಗೆದರು. ಐದು ನಿಮಿಷ ಬಿರುಸಾಗಿ ನಡೆದರೆ ಅದೂ ಲೆಕ್ಕಕ್ಕೆ ಸೇರುತ್ತದೆ. ನಮ್ಮಂಥವರಿಗೆ ಇದು ದೊಡ್ಡ ವಿಷಯ ಸರ್. ಡಾಕ್ಟರ್ ಹೇಳಿದ ಒಂದು ಗಂಟೆ ತಪ್ಪಲ್ಲ, ಅಲ್ಲಿಗೆ ನಿಧಾನವಾಗಿ ಹೋಗೋಣ. ಅದನ್ನು ಒಂದೇ ತುಂಡಾಗಿ ಹುಡುಕಬೇಕಿಲ್ಲ, ಅಷ್ಟೇ.

ಮಧ್ಯಮ ಮಟ್ಟ ಅಂದರೆ ಎಷ್ಟು ಎಂದು ತಿಳಿಯಲು ವಾಚ್ ಬೇಡ. ನಡೆಯುವಾಗ ಪಕ್ಕದವರ ಜೊತೆ ಮಾತಾಡಲು ಆಗಬೇಕು, ಹಾಡಲು ಆಗಬಾರದು.

ಈಗ ಹೇಳಿ, ಸ್ಟೇಷನ್‌ಗೆ ಹೇಗೆ ಬರುತ್ತೀರಿ? ಮಧ್ಯಾಹ್ನದ ಊಟ ಎಷ್ಟು ಹೊತ್ತಿಗೆ?

ಶೆಟ್ಟಿಹಳ್ಳಿಯವರು

ಬೈಕ್ ಮೇಡಂ. ನಡೆದರೆ ಹದಿನೈದು ನಿಮಿಷದ ದಾರಿ. ಆದರೆ ಬೆಳಗ್ಗೆ ಗಾಡಿ ತಪ್ಪಿದರೆ ಅರ್ಧ ದಿನ ರಜೆ ಹೋಗುತ್ತದೆ, ಅದಕ್ಕೇ ನಡೆಯುವುದಿಲ್ಲ. ಊಟ ಒಂದೂವರೆಗೆ, ಡಬ್ಬಿ ತಂದಿರುತ್ತೇನೆ. ಊಟ ಆದ ಮೇಲೆ ಸುಮ್ನೆ ಕೂತು ಮೊಬೈಲ್ ನೋಡುತ್ತೇನೆ.

ಫಿಸಿಯೋ ಮೇಡಂ

ಬೆಳಗ್ಗೆ ಗಾಡಿ ತಪ್ಪುವ ಭಯ ಇರುತ್ತದೆ, ಸಂಜೆ ಇರುವುದಿಲ್ಲ. ಬೆಳಗ್ಗೆ ಮನೆಯಲ್ಲಿ ಯಾರಾದರೂ ಬೈಕಲ್ಲಿ ಬಿಟ್ಟು ಹೋಗಲಿ. ಇಲ್ಲವೆಂದರೆ ಆಟೋದಲ್ಲಿ ಬನ್ನಿ. ಸಂಜೆ ನಡೆದೇ ಮನೆಗೆ ಹೋಗಿ. ಸ್ಟೇಷನ್‌ನಲ್ಲಿ ಬೈಕ್ ನಿಂತಿದ್ದರೆ ಸುಸ್ತಾದ ಮನುಷ್ಯ ಅದನ್ನೇ ಹತ್ತುತ್ತಾನೆ. ಇಲ್ಲದಿದ್ದರೆ ನಡೆಯುತ್ತೀರಿ. ವಾರಕ್ಕೆ ಆರು ದಿನ ಅಂದರೆ 90 ನಿಮಿಷ ಇಲ್ಲೇ ಸಿಕ್ಕಿತು.

ನಿಮ್ಮ ಶುಗರ್‌ಗೆ ನನಗೆ ಹೆಚ್ಚು ಮುಖ್ಯ ಅನ್ನಿಸುವುದು ಊಟ ಆದ ಮೇಲಿನ ಹೊತ್ತು. ಅನ್ನ, ಮುದ್ದೆ ಜೀರ್ಣವಾಗಿ ರಕ್ತದಲ್ಲಿ ಗ್ಲೂಕೋಸ್ ಏರುತ್ತಿರುತ್ತದೆ. ಆಗ ಕಾಲಿನ ಮಾಂಸಖಂಡ ಕೆಲಸ ಮಾಡಿದರೆ ಅದು ಇನ್ಸುಲಿನ್‌ಗೆ ಕಾಯದೆ ನೇರವಾಗಿ ಗ್ಲೂಕೋಸ್ ಎಳೆದುಕೊಳ್ಳುತ್ತದೆ. ಕಾಲು, ತೊಡೆ, ಸೊಂಟದ ಸ್ನಾಯುಗಳು ನಮ್ಮ ದೇಹದಲ್ಲೇ ದೊಡ್ಡವು. ಊಟ ಆಗಿ ಕಾಲು ಗಂಟೆಗೆ ಎದ್ದು ಹತ್ತು ನಿಮಿಷ ನಡೆಯಿರಿ. ಆಫೀಸಿನ ಸುತ್ತ ಒಂದು ಸುತ್ತು ಸಾಕು. ಮಳೆ ಬಂದರೆ ಕಾರಿಡಾರ್ ಇದೆ. ರಾತ್ರಿ ಊಟ ಆದ ಮೇಲೆ ಮನೆಯ ಮುಂದೆ ಇನ್ನೊಂದು ಹತ್ತು ನಿಮಿಷ. ಮಕ್ಕಳನ್ನೂ ಕರೆದುಕೊಂಡು ಹೋಗಿ, ಅವರ ಜೊತೆ ಮಾತಾಡಿದ ಹಾಗೂ ಆಗುತ್ತದೆ.

ಗಾಡಿಯೊಳಗೆ ಒಂದು ಅಭ್ಯಾಸ. ಸೀಟು ಸಿಕ್ಕವರು ಬೆಂಗಳೂರಿನವರೆಗೂ ಅಲುಗದೆ ಕೂರಬೇಡಿ. ದಾಬಸ್‌ಪೇಟೆ ಬಂದಾಗ ಒಮ್ಮೆ ಏಳಿ, ದೊಡ್ಡಬೆಲೆ ಬಂದಾಗ ಒಮ್ಮೆ, ಚಿಕ್ಕಬಾಣಾವರ ಬಂದಾಗ ಒಮ್ಮೆ. ಸೀಟಿನ ಅಂಚು ಗಟ್ಟಿಯಾಗಿ ಹಿಡಿದು ಹಿಮ್ಮಡಿ ಎತ್ತಿ ಇಳಿಸಿ, ಹದಿನೈದು ಸಲ. ಸೀಟು ನೋಡಿಕೊಳ್ಳಿ ಎಂದು ಪಕ್ಕದವರಿಗೆ ಹೇಳಿದರೆ ನಮ್ಮ ಗಾಡಿಯಲ್ಲಿ ಯಾರೂ ಇಲ್ಲ ಅನ್ನುವುದಿಲ್ಲ. ಆದರೆ ಬಾಗಿಲ ಹತ್ತಿರ ಮಾತ್ರ ಇದನ್ನು ಮಾಡಬೇಡಿ. ದಯವಿಟ್ಟು.

ಇಷ್ಟು ಚಿಕ್ಕ ಕೆಲಸದಿಂದ ಏನಾಗುತ್ತದೆ ಎಂದು ಅನ್ನಿಸಬಹುದು. ವ್ಯಾಯಾಮದ ಬಗ್ಗೆ ನಮಗಿರುವ ತಿಳಿವಳಿಕೆ ಶುರುವಾದದ್ದೇ ಹೀಗೆ ಕೆಲಸಕ್ಕೆ ಹೋಗುವವರನ್ನು ನೋಡಿ. ಲಂಡನ್‌ನಲ್ಲಿ ಎರಡಂತಸ್ತಿನ ಬಸ್‌ಗಳಿದ್ದವು. ಡ್ರೈವರ್ ಇಡೀ ದಿನ ಕೂತಿರುತ್ತಿದ್ದ. ಕಂಡಕ್ಟರ್ ಟಿಕೆಟ್ ಕೊಡಲು ಮೆಟ್ಟಿಲು ಹತ್ತಿ ಇಳಿಯುತ್ತಿದ್ದ. ಜೆರ್ರಿ ಮಾರಿಸ್ ಎಂಬ ವೈದ್ಯರ ತಂಡ ಇಬ್ಬರನ್ನೂ ಹೋಲಿಸಿ 1953ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬರೆಯಿತು: ಹೃದಯದ ಕಾಯಿಲೆ ಕಂಡಕ್ಟರ್‌ಗಳಲ್ಲಿ ಕಮ್ಮಿ. ಆ ಕಂಡಕ್ಟರ್‌ಗಳು ವ್ಯಾಯಾಮ ಅಂತ ಬೇರೆ ಹೊತ್ತು ತೆಗೆದಿಟ್ಟವರಲ್ಲ, ಕೆಲಸದಲ್ಲೇ ಮೆಟ್ಟಿಲು ಹತ್ತಿದವರು. ಹಾಗಾಗಿ ಯಶವಂತಪುರದಲ್ಲಾಗಲಿ, ಮಲ್ಲೇಶ್ವರದಲ್ಲಾಗಲಿ ಮೇಲ್ಸೇತುವೆಯ ಮೆಟ್ಟಿಲು ಕಂಡರೆ ಹತ್ತಿ. ಹತ್ತುವಾಗ ಎದೆ ಹಿಡಿದ ಹಾಗಾದರೆ, ಕೈಗೋ ದವಡೆಗೋ ನೋವು ಹರಿದರೆ, ತಲೆ ಸುತ್ತಿದರೆ ತಕ್ಷಣ ನಿಲ್ಲಿಸಿ ಆಸ್ಪತ್ರೆಗೆ ಹೋಗಿ. ಗ್ಯಾಸ್ ಇರಬೇಕು ಎಂದು ಮನೆಗೆ ಬಂದು ಮಲಗಬೇಡಿ.

ನಡಿಗೆಯಿಂದ ಸಿಗದ ಒಂದು ವಿಷಯ ಇದೆ, ಶಕ್ತಿ. ವಾರಕ್ಕೆ ಎರಡು ದಿನವಾದರೂ ಮಾಂಸಖಂಡಕ್ಕೆ ಭಾರ ಬೀಳಬೇಕು ಎಂದು ಅದೇ ಮಾರ್ಗಸೂಚಿ ಹೇಳುತ್ತದೆ. ಭಾನುವಾರ ಒಂದು ದಿನ, ಬುಧವಾರವೋ ಗುರುವಾರವೋ ಇನ್ನೊಂದು ದಿನ. ಇಪ್ಪತ್ತು ನಿಮಿಷ ಸಾಕು. ಕುರ್ಚಿಯಿಂದ ಕೈ ಊರದೆ ಏಳುವುದು, ಕೂರುವುದು. ಗೋಡೆಗೆ ಕೈಕೊಟ್ಟು ದಂಡ ಹೊಡೆಯುವುದು. ಚಾಪೆ ಮೇಲೆ ಅಂಗಾತ ಮಲಗಿ, ಮಂಡಿ ಮಡಚಿ, ಸೊಂಟ ಎತ್ತುವುದು. ಐದು ಲೀಟರ್ ನೀರಿನ ಕ್ಯಾನ್ ಹಿಡಿದು, ಸ್ವಲ್ಪ ಬಗ್ಗಿ, ಪಕ್ಕೆಯ ಹತ್ತಿರಕ್ಕೆ ಎಳೆಯುವುದು. ಒಂದೊಂದನ್ನೂ ಹತ್ತು ಸಲ, ಎರಡು ಸುತ್ತು. ಕಡೆಯ ಎರಡು ಸಲ ಕಷ್ಟ ಅನ್ನಿಸಬೇಕು. ಅನ್ನಿಸದಿದ್ದರೆ ಮುಂದಿನ ವಾರ ಸ್ವಲ್ಪ ಏರಿಸಿ. ದಂಡವನ್ನು ಗೋಡೆಯಿಂದ ಕುರ್ಚಿಗೆ, ಕುರ್ಚಿಯಿಂದ ನೆಲಕ್ಕೆ ಇಳಿಸಿ.

ಇನ್ನೊಂದು ಸಣ್ಣ ಮಾತು. ಆಫೀಸಿನ ಷೂ ಆಫೀಸಿನಲ್ಲೇ ಬಿಡಿ, ಓಡಾಟಕ್ಕೆ ಮೆತ್ತನೆಯ ಷೂ ಹಾಕಿ. ಎಷ್ಟೋ ಜನ ನಡಿಗೆ ಬಿಡುವುದು ಕಾಲು ಕಚ್ಚಿ ಗುಳ್ಳೆ ಎದ್ದು.

ಪ್ರಶ್ನೆ, ಕ್ಯಾತ್ಸಂದ್ರದಿಂದ

ಮೇಡಂ, ನಾನು ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಟೈಲರ್. ವಯಸ್ಸು 42. ನಾಲ್ಕೂಮುಕ್ಕಾಲಿಗೆ ಎದ್ದು ತಿಂಡಿ, ಅಡುಗೆ, ಡಬ್ಬಿ ಎಲ್ಲ ಮುಗಿಸಿ ಬಸ್ ಹಿಡಿಯಬೇಕು. ಬಂದ ಮೇಲೆ ಮತ್ತೆ ಅಡುಗೆ, ಪಾತ್ರೆ. ವ್ಯಾಯಾಮ ಮಾಡಬೇಕು ಎಂದರೆ ಮನೆಯಲ್ಲಿ ಎಲ್ಲರೂ “ಮನೆ ಕೆಲಸನೇ ವ್ಯಾಯಾಮ ಅಲ್ವಾ” ಅನ್ನುತ್ತಾರೆ. ನಿಜವಾ? ಕುತ್ತಿಗೆ, ಸೊಂಟ ಎರಡೂ ನೋವು.

ಫಿಸಿಯೋ ಮೇಡಂ

ಅಕ್ಕ, ಅರ್ಧ ನಿಜ. ಬಟ್ಟೆ ಒಗೆಯುವುದು, ನೆಲ ಒರೆಸುವುದು, ನೀರು ಹೊರುವುದು ಮಾಡುವಾಗ ಉಸಿರು ಏರಿದರೆ ಅದು ಲೆಕ್ಕಕ್ಕೆ ಬರುತ್ತದೆ. ಹೃದಯಕ್ಕೆ ಅದು ಮನೆ ಕೆಲಸವೋ ಮೈದಾನವೋ ಗೊತ್ತಾಗುವುದಿಲ್ಲ.

ಆದರೆ ನಿಮ್ಮ ದಿನ ಒಮ್ಮೆ ನೋಡಿ. ಒಲೆ ಮುಂದೆ ತಲೆ ಬಗ್ಗಿಸಿ ನಿಂತಿರುತ್ತೀರಿ. ಮೆಷಿನ್ ಮುಂದೆ ಎಂಟು ಗಂಟೆ ಬಗ್ಗಿ ಕೂತಿರುತ್ತೀರಿ. ಬಸ್ಸಿನಲ್ಲಿ ಕಣ್ಣು ಮುಚ್ಚಿದರೆ ತಲೆ ಮತ್ತೆ ಮುಂದಕ್ಕೆ. ಬಂದ ಮೇಲೆ ಪಾತ್ರೆ, ಮತ್ತೆ ಬಗ್ಗಿ. ಬೆಳಗ್ಗೆಯಿಂದ ರಾತ್ರಿವರೆಗೆ ದೇಹ ಒಂದೇ ಕಡೆಗೆ ಬಾಗುತ್ತಿದೆ. ಬೆನ್ನಿನ ಹಿಂಭಾಗದ ಸ್ನಾಯುಗಳು ಎಳೆದುಕೊಂಡೇ ಇರುತ್ತವೆ, ಅದಕ್ಕೇ ನೋವು. ಇನ್ನಷ್ಟು ಮನೆ ಕೆಲಸ ಮಾಡಿದರೆ ಇದು ಹೋಗುವುದಿಲ್ಲ. ನಿಮಗೆ ಬೇಕಾಗಿರುವುದು ಉಲ್ಟಾ ಚಲನೆ.

ಮೆಷಿನ್‌ನಿಂದ ಎದ್ದಾಗಲೆಲ್ಲ, ನೀರು ಕುಡಿಯಲು ಹೋದಾಗ, ಟಾಯ್ಲೆಟ್‌ಗೆ ಹೋದಾಗ, ಎರಡೂ ಕೈ ಸೊಂಟದ ಮೇಲಿಟ್ಟು ನಿಧಾನವಾಗಿ ಹಿಂದಕ್ಕೆ ಬಾಗಿ. ಐದು ಸಲ ಸಾಕು. ಭುಜದ ಮೂಳೆಗಳನ್ನು ಹಿಂದೆ ಒಂದಕ್ಕೊಂದು ತಾಗಿಸುವ ಹಾಗೆ ಎಳೆದು ಐದು ಎಣಿಸಿ. ಗೋಡೆಗೆ ಬೆನ್ನು ಕೊಟ್ಟು ನಿಂತು ಗದ್ದವನ್ನು ಒಳಕ್ಕೆ ತಳ್ಳಿ. ಲೈನ್‌ನಲ್ಲಿ ಎದ್ದು ನಿಲ್ಲಲು ಬಿಡುವುದಿಲ್ಲ ಎಂದರೆ ಭುಜ ಎಳೆಯುವುದನ್ನು ಕೂತಲ್ಲೇ ಮಾಡಬಹುದು.

ಇದರ ಮೇಲೆ ವಾರಕ್ಕೆ ಎರಡು ದಿನ, ಮೇಲೆ ಹೇಳಿದ ಶಕ್ತಿಯ ವ್ಯಾಯಾಮ. ನಿಮಗೆ ಅದು ಇನ್ನೂ ಮುಖ್ಯ. ಮುಟ್ಟು ನಿಲ್ಲುವ ಹೊತ್ತಿಗೆ ಈಸ್ಟ್ರೋಜನ್ ಹಾರ್ಮೋನ್ ಇಳಿದು ಮೂಳೆ ಬೇಗ ಸವೆಯುತ್ತದೆ. ಮೂಳೆ ಗಟ್ಟಿ ಇರಬೇಕಾದರೆ ಅದರ ಮೇಲೆ ಭಾರ ಬೀಳಬೇಕು, ಈಗಿನಿಂದಲೇ.

ಹೊತ್ತು ಎಲ್ಲಿ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಆ ಎರಡು ರಾತ್ರಿ ಪಾತ್ರೆ ಬೇರೆಯವರು ತೊಳೆಯಲಿ. ನಿಮ್ಮ ಯಜಮಾನರೋ ಮಕ್ಕಳೋ ಈ ಗುಂಪಿನಲ್ಲಿದ್ದರೆ ಅವರಿಗೇ ಹೇಳುತ್ತಿದ್ದೇನೆ: ಇದು ಅಕ್ಕನಿಗೆ ನೀವು ಮಾಡುವ ಉಪಕಾರ ಅಲ್ಲ, ಅವರ ಬೆನ್ನಿನ ಔಷಧಿ. ಗುಳಿಗೆ ತರಲು ಅಂಗಡಿಗೆ ಹೋಗುವುದಿಲ್ಲವೇ, ಹಾಗೆ.

ಸೊಂಟದ ನೋವು ಕಾಲಿಗೆ ಇಳಿಯುತ್ತಿದ್ದರೆ, ಪಾದ ಜೋಮು ಹಿಡಿಯುತ್ತಿದ್ದರೆ ಇವೆಲ್ಲ ಶುರು ಮಾಡುವ ಮೊದಲು ಡಾಕ್ಟರ್‌ಗೆ ತೋರಿಸಿ.

ಪ್ರಶ್ನೆ, ಭೀಮಸಂದ್ರದಿಂದ

ಮೇಡಂ, ನನಗೆ 26. ವಾರವಿಡೀ ಆಗುವುದಿಲ್ಲ, ಭಾನುವಾರ ಮಾತ್ರ ಗೆಳೆಯರ ಜೊತೆ ದೇವರಾಯನದುರ್ಗ ಹತ್ತುತ್ತೇನೆ. ಮಂಗಳವಾರದವರೆಗೂ ತೊಡೆ ನೋವು, ಮಂಡಿಯೂ ಸ್ವಲ್ಪ. ವಾರಕ್ಕೆ ಒಂದು ದಿನ ಮಾಡಿದರೆ ಪ್ರಯೋಜನ ಇದೆಯಾ?

ಫಿಸಿಯೋ ಮೇಡಂ

ಇದೆ ತಮ್ಮ. ವಾರದ ನಿಮಿಷಗಳನ್ನು ಒಂದೆರಡು ದಿನದಲ್ಲೇ ತುಂಬಿಸಿದವರಿಗೂ ಲಾಭ ಇದೆ ಎಂದು ದೊಡ್ಡ ಅಧ್ಯಯನಗಳು ತೋರಿಸಿವೆ. ಬಿಡಬೇಡ.

ನೋವು ಬರುತ್ತಿರುವುದು ಹತ್ತುವುದರಿಂದಲ್ಲ, ಇಳಿಯುವುದರಿಂದ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಉದ್ದವಾಗುತ್ತಲೇ ಬ್ರೇಕ್ ಹಿಡಿಯಬೇಕು. ಆ ಕೆಲಸ ಅಭ್ಯಾಸ ಇಲ್ಲದ ಸ್ನಾಯುವಿನಲ್ಲಿ ಸಣ್ಣ ಸಣ್ಣ ಗಾಯಗಳಾಗುತ್ತವೆ, ಎರಡನೇ ದಿನ ನೋವು ಜೋರು. ತೊಡೆ ನೋವಿಗೆ ಹೆದರಬೇಕಿಲ್ಲ. ಮಂಡಿಯ ಮಾತು ಬೇರೆ. ವಾರದ ಮಧ್ಯೆ ಎರಡು ದಿನ ಮನೆಯ ಮೆಟ್ಟಿಲ ಮೇಲೆ ನಿಂತು, ಒಂದೇ ಕಾಲಿನ ಮೇಲೆ ಭಾರ ಹಾಕಿ, ಇನ್ನೊಂದು ಕಾಲನ್ನು ನಿಧಾನವಾಗಿ ಕೆಳಗಿನ ಮೆಟ್ಟಿಲಿಗೆ ಇಳಿಸು. ಒಂದೊಂದು ಕಾಲಿಗೂ ಹತ್ತು ಸಲ. ಒಂದು ತಿಂಗಳು ಬೆಟ್ಟ ಹತ್ತುವಾಗ ಮಾತ್ರ ನಡೆ, ಇಳಿಯುವಾಗ ಗೆಳೆಯರ ಬೈಕಲ್ಲಿ ರಸ್ತೆ ಮೇಲೆ ಬಾ. ಮಂಡಿ ಊದಿದರೆ, ಮಡಚುವಾಗ ಸಿಕ್ಕಿಕೊಂಡ ಹಾಗಾದರೆ ತೋರಿಸಲೇಬೇಕು.

ಪ್ರಶ್ನೆ, ಎಸ್.ಎಸ್.ಪುರಂನಿಂದ

ನನ್ನದು ಬಟ್ಟೆ ಅಂಗಡಿ ಕೆಲಸ ಮೇಡಂ. ದಿನಕ್ಕೆ ಹತ್ತು ಗಂಟೆ ನಿಂತೇ ಇರುತ್ತೇನೆ. ಸಂಜೆಗೆ ಎರಡೂ ಕಾಲು ಊದಿರುತ್ತವೆ. ನನಗೂ ನಡಿಗೆ ಬೇಕಾ?

ಫಿಸಿಯೋ ಮೇಡಂ

ಬೇಕು. ನಿಲ್ಲುವುದು ಬೇರೆ, ನಡೆಯುವುದು ಬೇರೆ. ಕಾಲಿನ ರಕ್ತ ಮೇಲಕ್ಕೆ ಹೋಗಬೇಕಾದರೆ ಮೀನಖಂಡ ಹಿಂಡಿ ತಳ್ಳಬೇಕು. ಸುಮ್ಮನೆ ನಿಂತರೆ ಅದು ಹಿಂಡುವುದಿಲ್ಲ. ಗಿರಾಕಿ ಇಲ್ಲದಾಗ ಹಿಮ್ಮಡಿ ಎತ್ತಿ ಇಳಿಸಿ, ಕೌಂಟರ್ ಹಿಂದೆಯೇ ನಾಲ್ಕು ಹೆಜ್ಜೆ ಹಾಕಿ. ರಾತ್ರಿ ಕಾಲು ಎತ್ತರಿಸಿ ಮಲಗಿ. ಒಂದೇ ಕಾಲು ಊದಿ, ಬಿಸಿಯಾಗಿ ನೋಯುತ್ತಿದ್ದರೆ ಅದೇ ದಿನ ಆಸ್ಪತ್ರೆಗೆ. ಎರಡೂ ಕಾಲು ಬೆಳಗ್ಗೆ ಎದ್ದಾಗಲೂ ಊದಿದ್ದರೆ ಡಾಕ್ಟರ್‌ಗೆ ಹೇಳಿ ಟೆಸ್ಟ್ ಮಾಡಿಸಿ.

ಶೆಟ್ಟಿಹಳ್ಳಿಯವರು (ಐದು ವಾರದ ನಂತರ)

ಮೇಡಂ, ಸಂಜೆ ನಡಿಗೆ ನಿಂತಿಲ್ಲ. ಬೈಕ್ ಮನೆಯಲ್ಲೇ ಇರುತ್ತದೆ. ಮಧ್ಯಾಹ್ನದ ಹತ್ತು ನಿಮಿಷಕ್ಕೆ ಆಫೀಸಿನ ಇಬ್ಬರು ಜೊತೆಯಾಗಿದ್ದಾರೆ. ಶಕ್ತಿಯ ವ್ಯಾಯಾಮ ಮಾತ್ರ ಭಾನುವಾರ ಆಗುತ್ತದೆ, ವಾರದ ಮಧ್ಯೆ ತಪ್ಪುತ್ತದೆ. ಹೋದ ವಾರ 20ನೇ ತಾರೀಖಿನ ಜಿಎಸ್‌ಟಿ ಗಡಿಬಿಡಿಯಲ್ಲಿ ಏನೂ ಆಗಲಿಲ್ಲ. ಕಡೆಯ ಗಾಡಿಗೆ ಬಂದೆ. ಮತ್ತೆ ಮೊದಲಿನಿಂದ ಶುರು ಮಾಡಬೇಕಾ?

ಫಿಸಿಯೋ ಮೇಡಂ

ಬೇಡ ಸರ್. ಒಂದು ವಾರ ಬಿಟ್ಟರೆ ಮಾಡಿದ್ದು ಹೋಗುವುದಿಲ್ಲ, ಬಿಟ್ಟಲ್ಲಿಂದಲೇ ಹಿಡಿಯಿರಿ. 20ನೇ ತಾರೀಖು ಪ್ರತಿ ತಿಂಗಳೂ ಬರುತ್ತದೆ, ಅದು ನಿಮಗೆ ಮೊದಲೇ ಗೊತ್ತು. ಆ ವಾರಕ್ಕೆ ಬೇರೆ ಲೆಕ್ಕ ಇಟ್ಟುಕೊಳ್ಳಿ: ಮಧ್ಯಾಹ್ನದ ಹತ್ತು ನಿಮಿಷ, ಅಷ್ಟೇ. ಉಳಿದದ್ದೆಲ್ಲ ರಜೆ. ಆ ವಾರ ನಿದ್ದೆ ಕಾಪಾಡಿಕೊಳ್ಳಿ.

ವಾರದ ಮಧ್ಯದ ಶಕ್ತಿ ವ್ಯಾಯಾಮಕ್ಕೆ ಇಪ್ಪತ್ತು ನಿಮಿಷ ಸಿಗದಿದ್ದರೆ ಒಡೆಯಿರಿ. ಬುಧವಾರ ಬೆಳಗ್ಗೆ ಸ್ನಾನಕ್ಕೆ ನೀರು ಕಾಯುವ ಹೊತ್ತಿನಲ್ಲಿ ಕುರ್ಚಿಯಿಂದ ಏಳುವುದು ಮತ್ತು ಗೋಡೆಯ ದಂಡ. ಗುರುವಾರ ಅದೇ ಹೊತ್ತಿನಲ್ಲಿ ಉಳಿದ ಎರಡು.

ಎಚ್‌ಬಿಎ1ಸಿ ಟೆಸ್ಟ್‌ಗೆ ಈಗಲೇ ಹೋಗಬೇಡಿ. ಅದು ಕೆಂಪು ರಕ್ತಕಣದಲ್ಲಿ ಅಂಟಿಕೊಂಡ ಶುಗರ್ ಅಳೆಯುವ ಟೆಸ್ಟ್. ಆ ಕಣದ ಆಯಸ್ಸು ಸುಮಾರು 120 ದಿನ, ಹಾಗಾಗಿ ಅದು ಹಿಂದಿನ ಎರಡು–ಮೂರು ತಿಂಗಳ ಶುಗರ್ ಸರಾಸರಿ ತೋರಿಸುತ್ತದೆ. ಶುರು ಮಾಡಿ ಮೂರು ತಿಂಗಳು ತುಂಬಿದ ಮೇಲೆ ನಿಮ್ಮ ಡಾಕ್ಟರ್ ಹತ್ತಿರ ಹೋಗಿ. ರಿಪೋರ್ಟ್ ಬಂದ ದಿನ ಇಲ್ಲಿ ಒಂದು ಸಾಲು ಬರೆಯಿರಿ ಸರ್, ಕಾಯುತ್ತಿರುತ್ತೇನೆ.