ವಯಸ್ಸಿನಂತೆ 2028, ಶಾಲೆಯ ದಾಖಲೆಯಂತೆ 2029: ಬೇಸ್‌ಬಾಲ್ ನೋಂದಣಿಯಲ್ಲಿ ಯಾವ ಗ್ರ್ಯಾಜುಯೇಶನ್ ವರ್ಷ ಬರೆಯಬೇಕು?

ಪ್ರಶ್ನೆ:
ನಮಸ್ಕಾರ. ನನ್ನ ಮಗ 2010ರ ಜುಲೈ ತಿಂಗಳಲ್ಲಿ ಹುಟ್ಟಿದವನು. ಬೆಂಗಳೂರಿನಲ್ಲಿ 2025ರ ಮಾರ್ಚ್‌ಗೆ 9ನೇ ತರಗತಿ ಮುಗಿಸಿ ಟೆಕ್ಸಸ್‌ಗೆ ಬಂದ ಅವನನ್ನು ಇಲ್ಲಿನ ಹೈಸ್ಕೂಲು ಆಗಸ್ಟ್‌ನಲ್ಲಿ ಮತ್ತೆ 9ನೇ ತರಗತಿಗೇ ಸೇರಿಸಿಕೊಂಡಿತು. ಅವನ ಓರಗೆಯವರೆಲ್ಲ 2028ರಲ್ಲಿ ಹೈಸ್ಕೂಲು ಮುಗಿಸುವವರು. 2026ರ ಬೇಸಿಗೆಯ ಶೋಕೇಸ್‌ಗೆ (ಕಾಲೇಜು ತರಬೇತುದಾರರ ಮುಂದೆ ಆಟ ತೋರಿಸುವ ಕೂಟ) ಗ್ರ್ಯಾಜುಯೇಶನ್ ವರ್ಷ, ಅಂದರೆ ಹೈಸ್ಕೂಲು ಮುಗಿಸುವ ವರ್ಷ, 2028 ಎಂದು ತುಂಬಿದ ಅರ್ಜಿಯು ಶಾಲೆಯ ಟ್ರಾನ್ಸ್‌ಕ್ರಿಪ್ಟ್‌ಗೆ (ತರಗತಿ, ಅಂಕಗಳ ದಾಖಲೆ) ತಾಳೆಯಾಗಲಿಲ್ಲವೆಂದು ವಾಪಸಾಗಿದೆ. ಆದರೆ ಟ್ರಾವೆಲ್ ತಂಡದಲ್ಲಿ (ಶಾಲೆಯ ಹೊರಗಿನ ಕ್ಲಬ್ ತಂಡ) ಅವನನ್ನು 15ಯು, ಅಂದರೆ 15 ವರ್ಷ ಮೀರದವರ, ವಿಭಾಗದಲ್ಲಿ ಯಾವ ತಕರಾರೂ ಇಲ್ಲದೆ ಆಡಿಸುತ್ತಿದ್ದಾರೆ. ಯಾವುದು ಸರಿ?

ಉತ್ತರ:
ಸರ್, ಎರಡೂ ಸರಿ, ಏಕೆಂದರೆ ಅವು ಎರಡು ಬೇರೆ ಬೇರೆ ಲೆಕ್ಕಗಳು. 15ಯು ಎಂಬುದು ಹುಟ್ಟಿದ ದಿನದ ಲೆಕ್ಕ. ಬಹಳಷ್ಟು ಟ್ರಾವೆಲ್ ಪಂದ್ಯಾವಳಿಗಳು ಮೇ 1ನ್ನು ಗಡುವಾಗಿ ಇಟ್ಟುಕೊಂಡಿರುವುದರಿಂದ, ಜುಲೈನಲ್ಲಷ್ಟೇ 16 ತುಂಬುವ ನಿಮ್ಮ ಮಗ ಈ ಸೀಸನ್‌ನಲ್ಲಿ 15ಯು ಆಟಗಾರನೇ. ಗ್ರ್ಯಾಜುಯೇಶನ್ ವರ್ಷವಾದರೋ ಅವನು ಈಗ ದಾಖಲಾಗಿರುವ ತರಗತಿಯಿಂದ ಬರುತ್ತದೆ, ಅಂದರೆ 2029. ವಯಸ್ಸಿನ ಮೇಲೆಯೇ ವಿಭಾಗ ತೀರ್ಮಾನವಾಗುವ ನಮ್ಮ ಕಿರಿಯರ ಕ್ರಿಕೆಟ್ಟಿನಿಂದ ಬಂದವರಿಗೆ ಇದು ವಿಚಿತ್ರವೆನಿಸುವುದು ಸಹಜ.

ಆದರೆ ಫಾರಂ ತಿದ್ದುವುದಕ್ಕಿಂತ ದೊಡ್ಡ ತೊಡಕು ನಿಮ್ಮ ಪ್ರಶ್ನೆಯೊಳಗೇ ಇದೆ. ಟೆಕ್ಸಸ್‌ನ ಶಾಲಾ ಕ್ರೀಡೆಗಳನ್ನು ನಡೆಸುವ ಯುಐಎಲ್, ವಿದ್ಯಾರ್ಥಿಯು ಮೊದಲ ಬಾರಿ 9ನೇ ತರಗತಿಗೆ ಸೇರಿದಂದಿನಿಂದ ನಾಲ್ಕು ವರ್ಷ ಮಾತ್ರ ಆಡಲು ಅವಕಾಶ ಕೊಡುತ್ತದೆ. ಆ ಎಣಿಕೆ ನಿಮ್ಮ ಮಗನಿಗೆ 2024ರ ಜೂನ್‌ನಲ್ಲಿ, ಬೆಂಗಳೂರಿನಲ್ಲೇ ಶುರುವಾಗಿದೆಯೆಂದು ಹಿಡಿದರೆ, ಅವನು 12ನೇ ತರಗತಿಯಲ್ಲಿರುವ 2029ರ ವಸಂತ ಸೀಸನ್ ಐದನೆಯ ವರ್ಷಕ್ಕೆ ಬೀಳುತ್ತದೆ. ಕಾಲೇಜು ತರಬೇತುದಾರರು ನೋಡುವ ಕೊನೆಯ ಸೀಸನ್ನೇ ಕೈತಪ್ಪಿದರೆ 2029 ಎಂಬ ಅಂಕಿಯಿಂದ ಪ್ರಯೋಜನವೇನು? ವಯಸ್ಸಿನ ತೊಂದರೆ ಇಲ್ಲ. ಸೆಪ್ಟೆಂಬರ್ 1ಕ್ಕೆ 19 ತುಂಬಿರಬಾರದೆಂಬುದು ಯುಐಎಲ್ ನಿಯಮ, 2028ರ ಆ ದಿನ ಅವನಿಗೆ 18. ಅಮೆರಿಕದ ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎಯ ಮೊದಲ ದರ್ಜೆಯ ಕಾಲೇಜುಗಳಿಗೆ ಬೇಕಾದ 16 ಕೋರ್ ಕೋರ್ಸ್‌ಗಳಿಗೂ (ಇಂಗ್ಲಿಷ್, ಗಣಿತದಂಥ ಮುಖ್ಯ ವಿಷಯಗಳು) 9ನೇ ತರಗತಿಯ ಆರಂಭದಿಂದಲೇ ಕಾಲಮಿತಿ ಇದೆ.

ಆದ್ದರಿಂದ ಬೆಂಗಳೂರಿನ ಮಾರ್ಕ್ಸ್ ಕಾರ್ಡ್ ಮತ್ತು ಟಿ.ಸಿ. ಹಿಡಿದುಕೊಂಡು ಶಾಲೆಯ ಕೌನ್ಸೆಲರನ್ನು ಕಂಡು, ಅಲ್ಲಿನ 9ನೇ ತರಗತಿಗೆ ಕ್ರೆಡಿಟ್ ಕೊಟ್ಟು ಮಗನನ್ನು 10ನೇ ತರಗತಿಗೆ ಏರಿಸಬಹುದೇ ಎಂದು ಲಿಖಿತವಾಗಿ ಕೇಳಿ. ನಾಲ್ಕು ವರ್ಷಗಳ ಎಣಿಕೆಯ ಬಗ್ಗೆ ಅಥ್ಲೆಟಿಕ್ ಕೋಆರ್ಡಿನೇಟರಿಂದಲೂ ಬರಹದಲ್ಲೇ ಉತ್ತರ ಪಡೆಯಿರಿ, ಬಾಯಿಮಾತು ಸಾಲದು.

ಪ್ರಶ್ನೆ:
ಕೌನ್ಸೆಲರ್ ಪರಿಶೀಲಿಸುತ್ತೇವೆಂದಿದ್ದಾರೆ, ವಂದನೆಗಳು. ಅಲ್ಲಿಯವರೆಗೆ ಶೋಕೇಸ್ ಅರ್ಜಿಯಲ್ಲಿ ಏನು ಬರೆಯಲಿ?

ಉತ್ತರ:
ಇಂದಿನ ದಾಖಲೆಯಂತೆ 2029 ಎಂದೇ ಬರೆಯಿರಿ. ಏರಿಸಿದ ಪತ್ರ ಕೈಗೆ ಬಂದ ದಿನವೇ ಎಲ್ಲ ಪ್ರೊಫೈಲ್‌ಗಳಲ್ಲೂ 2028 ಮಾಡಿಸಿ, ಏಕೆಂದರೆ ಮೊದಲ ದರ್ಜೆಯ ತರಬೇತುದಾರರು ಆಟಗಾರನೊಂದಿಗೆ ನೇರವಾಗಿ ಮಾತನಾಡಲು ಅವನ 11ನೇ ತರಗತಿಗೆ ಮುಂಚಿನ ಆಗಸ್ಟ್ 1ರವರೆಗೆ ಕಾಯಬೇಕು. 2028ರವರಿಗೆ ಆ ದಿನ 2026ರಲ್ಲೇ ಬರುತ್ತದೆ, 2029ರವರಿಗೆ 2027ರಲ್ಲಿ.