ಗೊರಿಲ್ಲಾ ‘ಫ್ಯಾಮಿಲಿ’ಗೆ ಏನನ್ನೋಣ? ನಾಳೆ ಅಚ್ಚಿಗೆ ಹೋಗಬೇಕು

ಗೆಳೆಯರೇ,

ಉಗಾಂಡ, ರುವಾಂಡಾ ನೋಡಲು ಹೊರಟಿರುವ ಕನ್ನಡದವರ ತಂಡವೊಂದಕ್ಕೆ ಕೈಪಿಡಿ ಅನುವಾದ ಮಾಡುತ್ತಿದ್ದೇನೆ. ನಾಳೆ ಬೆಳಗ್ಗೆ ಅಚ್ಚಿಗೆ ಕೊಡಬೇಕು. ಎರಡು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ.

ಒಂದು, ‘ಹ್ಯಾಬಿಚುಯೇಟೆಡ್ ಗೊರಿಲ್ಲಾ ಫ್ಯಾಮಿಲಿ’. ಜನರನ್ನು ಕಂಡರೆ ಓಡಿಹೋಗದ, ಮೈಮೇಲೆ ಬೀಳದ ಬೆಟ್ಟದ ಗೊರಿಲ್ಲಾಗಳ ಗುಂಪು. ಪ್ರವಾಸಿಗಳನ್ನು ಇಂಥ ಗುಂಪುಗಳ ಹತ್ತಿರ ಮಾತ್ರ ಕರೆದೊಯ್ಯುತ್ತಾರೆ. ಒಂದು ಗುಂಪಿಗೆ ದಿನಕ್ಕೆ 8 ಜನ, ಒಂದೇ ಗಂಟೆ. ಸದ್ಯಕ್ಕೆ ‘ಪಳಗಿದ ಗೊರಿಲ್ಲಾ ಕುಟುಂಬ’ ಅಂತ ಬರೆದಿದ್ದೇನೆ, ಮನಸ್ಸು ಒಪ್ಪುತ್ತಿಲ್ಲ.

ಎರಡು, ‘ಸಿಲ್ವರ್‌ಬ್ಯಾಕ್’. ಬೆನ್ನಿನ ಕೂದಲು ಬೆಳ್ಳಿ ಬಣ್ಣಕ್ಕೆ ತಿರುಗಿದ, ಮೈ ಬಲಿತ ಗಂಡು ಗೊರಿಲ್ಲಾ.

ಮರು: ಶಿವಮೊಗ್ಗದಿಂದ

‘ಕುಟುಂಬ’ ಬೇಡ, ಸಂಸ್ಕೃತ. ‘ಒಕ್ಕಲು’ ಎಂಬ ಒಳ್ಳೆಯ ಪದ ಇದೆ. ಒಂದು ಸೂರಿನಡಿ ಬಾಳುವವರು ಒಕ್ಕಲು. ಇಂಥ ದೇವರ ಒಕ್ಕಲು ಅನ್ನುತ್ತೇವಲ್ಲ, ಅದೇ. ಕೊಡವರ ‘ಒಕ್ಕ’ವೂ ಇದರ ನಂಟೇ. ಅಲ್ಲಿಯೂ ಹಿರಿಯ ಗಂಡಸು ಯಜಮಾನ, ಹೆಣ್ಣುಮಕ್ಕಳು ಬೇರೆ ಒಕ್ಕಕ್ಕೆ ಹೋಗುತ್ತಾರೆ. ಗೊರಿಲ್ಲಾಗಳಲ್ಲೂ ಹಾಗೇ. ‘ಗೊರಿಲ್ಲಾ ಒಕ್ಕಲು’ ಎಂದು ಬರೆಯಿರಿ.

ಮರು: ಬೆಂಗಳೂರಿನಿಂದ

ಸರ್, ಕೈಪಿಡಿ ಓದುವವರು ಪರ್ಮಿಟ್‌ಗೆ ದುಡ್ಡು ಕಟ್ಟಿದ ಪ್ರವಾಸಿಗಳು. ರುವಾಂಡಾದಲ್ಲಿ ಒಬ್ಬರಿಗೆ 1,500 ಡಾಲರ್. ‘ಒಕ್ಕಲು’ ಅಂದರೆ ಹೊಲ ಗೇಯುವವರು ಅಂದ್ಕೊಳ್ತಾರೆ. ‘ಹ್ಯಾಬಿಚುಯೇಟೆಡ್ ಗ್ರೂಪ್’ ಅಂತ ಕನ್ನಡ ಲಿಪಿಯಲ್ಲಿ ಬರೆದುಬಿಡಿ. ಅಲ್ಲಿನ ಗೈಡ್ ಹೇಳುವುದೂ ಅದನ್ನೇ.

ಮರು: ಶಿವಮೊಗ್ಗದಿಂದ

ಹಾಗಿದ್ದರೆ ಇಲ್ಲಿ ಪದ ಕೇಳುವುದೇಕೆ? ಎಲ್ಲವನ್ನೂ ಲಿಪಿ ಬದಲಿಸಿ ಬರೆಯೋಣ, ಕೆಲಸ ಸಲೀಸು.

ಮರು: ಬೆಂಗಳೂರಿನಿಂದ

ರಸ್ತೆ, ಮೇಜು, ಸಾಬೂನು ಎಲ್ಲ ಎಲ್ಲಿಂದ ಬಂದವು ಸರ್? ‘ಗೊರಿಲ್ಲಾ’ ಎಲ್ಲಿಂದ ಬಂತು? ಹ್ಯಾನೋ ಎಂಬ ಕಾರ್ಥೇಜ್ ನಾವಿಕನ ಪ್ರಯಾಣದ ಗ್ರೀಕ್ ಕಥನದಲ್ಲಿ ‘ಗೊರಿಲ್ಲಾಯ್’ ಅಂತ ಮೈತುಂಬ ಕೂದಲಿನ ಯಾರೋ ಬರುತ್ತಾರೆ. 1847ರಲ್ಲಿ ಈ ಪ್ರಾಣಿಯನ್ನು ವಿವರಿಸಿದವರು ಅದೇ ಹೆಸರನ್ನು ಎತ್ತಿಕೊಂಡರು. ಇಂಗ್ಲಿಷ್‌ನವರೇ ಸಾಲ ತಂದದ್ದು. ಮೊದಲು ‘ಗೊರಿಲ್ಲಾ’ಗೆ ಒಂದು ಅಚ್ಚಗನ್ನಡ ಪದ ಕೊಡಿ, ಆಮೇಲೆ ಒಕ್ಕಲಿನ ಮಾತು.

ಮರು: ಮಡಿಕೇರಿಯಿಂದ

ಒಕ್ಕದ ವಿಷಯಕ್ಕೆ ಮಾತ್ರ ಹೇಳುತ್ತೇನೆ. ಒಕ್ಕ ಅಂದರೆ ನಮ್ಮಲ್ಲಿ ಮನೆತನ. ಐನ್‌ಮನೆ ಅನ್ನುವ ಮೂಲ ಮನೆ, ಕಾರಣವ ಅನ್ನುವ ಮೂಲಪುರುಷ, ತಲೆತಲಾಂತರ ಉಳಿಯುವ ಹೆಸರು. ಗೊರಿಲ್ಲಾಗಳಲ್ಲಿ ಮುಂದಾಳು ಗಂಡು ಸತ್ತರೆ, ಜಾಗಕ್ಕೆ ಇನ್ನೊಂದು ಇಲ್ಲದಿದ್ದರೆ, ಗುಂಪೇ ಚದುರಿಹೋಗಬಹುದು. ಹೆಣ್ಣನ್ನು ಯಾರೂ ಕೊಟ್ಟು ಕಳಿಸುವುದಿಲ್ಲ, ತಾನಾಗಿ ಹೋಗುತ್ತದೆ. ಬೇಡ ಅನ್ನಿಸಿದರೆ ಅಲ್ಲಿಂದಲೂ ಹೋಗುತ್ತದೆ. ಗಂಡುಗಳೂ ಎಷ್ಟೋ ಹೊರಬಿದ್ದು ಒಂಟಿಯಾಗಿ ತಿರುಗುತ್ತವೆ. ಹೋಲಿಕೆ ನಿಲ್ಲುವುದಿಲ್ಲ. ನಮ್ಮ ಮನೆತನದ ಪದವನ್ನು ಸುಮ್ನೆ ಪ್ರಾಣಿಗಳಿಗೆ ಅಂಟಿಸಬೇಡಿ.

ಇನ್ನೊಂದು. ‘ಒಕ್ಕಲೆಬ್ಬಿಸು’ ನೆನಪಿರಲಿ. ಉಗಾಂಡದ ಬ್ವಿಂಡಿ, ಮ್ಗಹಿಂಗಾ ಕಾಡುಗಳು 1991ರಲ್ಲಿ ರಾಷ್ಟ್ರೀಯ ಉದ್ಯಾನವಾದಾಗ ಅಲ್ಲಿದ್ದ ಬಾತ್ವಾ ಜನರನ್ನು ಹೊರಹಾಕಿದರು. ಜನರನ್ನು ಎಬ್ಬಿಸಿದ ಕಾಡಿನಲ್ಲಿ ಗೊರಿಲ್ಲಾಗಳನ್ನು ‘ಒಕ್ಕಲು’ ಅಂತ ಕರೆಯುವುದು ನನಗಂತೂ ಸರಿ ಕಾಣುವುದಿಲ್ಲ. ನಾಗರಹೊಳೆ ಕಾಡಿನಿಂದ ಎಬ್ಬಿಸಿದ ಜನರನ್ನು ಕೇಳಿ, ಆ ಪದದ ಬಿಸಿ ಎಷ್ಟು ಅಂತ ಹೇಳುತ್ತಾರೆ.

ಮರು: ಕಂಪಾಲಾದಿಂದ

ಮೇಡಂ, ಎಲ್ಲರೂ ‘ಫ್ಯಾಮಿಲಿ’ ಹಿಡಿದು ಜಗ್ಗಾಡುತ್ತಿದ್ದಾರೆ. ನಿಮ್ಮ ವಾಕ್ಯದಲ್ಲಿ ಅಪಾಯ ಇರುವುದು ‘ಪಳಗಿದ’ ಅನ್ನುವುದರಲ್ಲಿ.

ಪಳಗಿದ್ದು ಅಂದರೆ ದಸರಾ ಆನೆ. ಹಿಡಿದು, ಕಟ್ಟಿಹಾಕಿ, ಹೇಳಿದ ಮಾತು ಕೇಳುವಂತೆ ಮಾಡಿದ್ದು. ಇಲ್ಲಿ ಯಾರೂ ಗೊರಿಲ್ಲಾವನ್ನು ಹಿಡಿಯುವುದಿಲ್ಲ, ತಿನ್ನಲು ಕೊಡುವುದೂ ಇಲ್ಲ. ಕಾಡಿನ ಸಿಬ್ಬಂದಿ ದಿನಾ ಬೆಳಗ್ಗೆ ಹಿಂದಿನ ರಾತ್ರಿ ಅವು ಮಲಗಿದ್ದ ಎಲೆಹಾಸನ್ನು ಹುಡುಕಿ, ಅಲ್ಲಿಂದ ಜಾಡು ಹಿಡಿದು ಹೋಗುತ್ತಾರೆ. ಮೊದಮೊದಲು ಗುಂಪು ಓಡುತ್ತದೆ. ಇಲ್ಲವೇ ಗಂಡು ಎದೆ ಬಡಿದುಕೊಂಡು ನುಗ್ಗಿ ಬರುತ್ತದೆ. ಇವರು ತಲೆ ತಗ್ಗಿಸಿ ಕೂರುತ್ತಾರೆ. ಗಂಟಲು ಸರಿಮಾಡಿಕೊಂಡಂತೆ ‘ಮ್ಮ್‌ಹ್ಮ್’ ಅಂತ ದನಿ ಮಾಡುತ್ತಾರೆ. ಗೊರಿಲ್ಲಾಗಳು ನೆಮ್ಮದಿಯಾಗಿ ಮೇಯುವಾಗ ಮಾಡುವ ದನಿ ಅದು. ಹೀಗೆ ಎರಡು ವರ್ಷ, ಕೆಲವಕ್ಕೆ ಇನ್ನೂ ಜಾಸ್ತಿ. ಕೊನೆಗೆ ಅವು ಇವರನ್ನು ಲೆಕ್ಕಕ್ಕಿಡುವುದಿಲ್ಲ, ಅಷ್ಟೇ. ಕಾಡುಪ್ರಾಣಿ ಕಾಡುಪ್ರಾಣಿಯಾಗಿಯೇ ಇರುತ್ತದೆ.

‘ಪಳಗಿದ’ ಅಂತ ಓದಿದವರು ಫೋಟೋಗೆ ಪಕ್ಕದಲ್ಲಿ ನಿಲ್ಲಲು ಹೋಗುತ್ತಾರೆ. ನಾನು ಬ್ವಿಂಡಿಗೆ ಹೋದಾಗ ಒಂದು ಮರಿ ಸೊಪ್ಪಿನ ಕಾಂಡ ಜಗಿಯುತ್ತಾ ನಮ್ಮತ್ತಲೇ ಬಂತು. ಗೈಡ್ ಮರಿಯನ್ನು ಓಡಿಸಲಿಲ್ಲ, ನಮ್ಮನ್ನು ಭುಜ ಹಿಡಿದು ಹಿಂದಕ್ಕೆ ಎಳೆದ. ನಮ್ಮ ನೆಗಡಿ ಅವಕ್ಕೆ ಅಂಟಿದರೆ ಜೀವಕ್ಕೇ ಕುತ್ತು. ಬೆಟ್ಟದ ಗೊರಿಲ್ಲಾ ಇಡೀ ಲೋಕದಲ್ಲಿ ಇರುವುದೇ ಸಾವಿರದ ಮೇಲೆ ಸ್ವಲ್ಪ. ಮೈಸೂರು ಝೂನಲ್ಲಿ ಇರುವುದು ಬೇರೆ, ತಗ್ಗುನಾಡಿನದ್ದು.

ಆದ್ದರಿಂದ ‘ಜನರಿಗೆ ಒಗ್ಗಿದ ಗುಂಪು’ ಅನ್ನಿ. ಹೊಸ ಊರಿನ ನೀರು ಒಗ್ಗಿತು ಅನ್ನುತ್ತೇವಲ್ಲ, ಅದೇ ಒಗ್ಗುವಿಕೆ. ‘ಕುಟುಂಬ’ ಪ್ರವಾಸೋದ್ಯಮದವರ ಮಾತು. ಸಂಶೋಧಕರಿಗೆ ಅದು ಬರೀ ಗುಂಪು. 1967ರಲ್ಲಿ ರುವಾಂಡಾದಲ್ಲಿ ಕರಿಸೋಕೆ ಸಂಶೋಧನಾ ಕೇಂದ್ರ ಕಟ್ಟಿದ ಡಯಾನ್ ಫಾಸಿ ‘ಗುಂಪು 4’, ‘ಗುಂಪು 5’ ಅಂತ ಸಂಖ್ಯೆ ಕೊಟ್ಟಿದ್ದರು. ಈಗ ಅಮಹೊರೊ, ಉಮುಬಾನೊ ಅಂತ ಕಿನ್ಯಾರ್ವಾಂಡಾ ಹೆಸರುಗಳಿವೆ. ಅಮಹೊರೊ ಅಂದರೆ ಶಾಂತಿ. ಅವನ್ನು ಅನುವಾದ ಮಾಡಬೇಡಿ, ಹಾಗೇ ಬಿಡಿ.

ಮರು: ಶಿವಮೊಗ್ಗದಿಂದ

‘ಒಗ್ಗಿದ’ ಸರಿ. ಸಿಲ್ವರ್‌ಬ್ಯಾಕ್‌ಗೆ ‘ನರೆಬೆನ್ನ’.

ಮರು: ಕಂಪಾಲಾದಿಂದ

ತಪ್ಪು. ನರೆ ಅಂದರೆ ಮುಪ್ಪು. ಇದು ಗಂಡಿಗೆ ಸುಮಾರು 12 ವರ್ಷಕ್ಕೆ, ಮೈ ಬಲಿಯುವಾಗ ಬರುವ ಬಣ್ಣ. ನರೆಬೆನ್ನ ಅಂದರೆ ಓದುವವರು ಮುದಿ ಗೊರಿಲ್ಲಾ ಅಂದ್ಕೊಂಡು ಹಗುರವಾಗಿ ತಗೊಳ್ತಾರೆ.

ಮರು: ಕೇಳಿದವಳಿಂದ

ಎಲ್ಲರಿಗೂ ವಂದನೆ. ‘ಜನರಿಗೆ ಒಗ್ಗಿದ ಗೊರಿಲ್ಲಾ ಗುಂಪು’ ಹಾಕಿದ್ದೇನೆ. ಅದರ ಕೆಳಗೇ ‘ಇವು ಸಾಕಿದ ಪ್ರಾಣಿಗಳಲ್ಲ, 10 ಮೀಟರ್ ದೂರ ನಿಲ್ಲಿ, ಕೆಮ್ಮು ನೆಗಡಿ ಇದ್ದರೆ ಬರಲೇಬೇಡಿ’ ಅಂತ ದಪ್ಪಕ್ಷರದಲ್ಲಿ ಸೇರಿಸಿದೆ. ಸಿಲ್ವರ್‌ಬ್ಯಾಕ್‌ಗೆ ‘ಬೆಳ್ಳಿಬೆನ್ನಿನ ಗಂಡು’. ಮುಂದಿನ ಪುಟದಲ್ಲಿ ಒಂದು ಕಡೆ ಮಾತ್ರ ‘ಗೊರಿಲ್ಲಾ ಕುಟುಂಬ’ ಉಳಿಸಿಕೊಂಡಿದ್ದೇನೆ, ಅಲ್ಲಿ ತಾಯಿ–ಮರಿಗಳ ಚಿತ್ರ ಇದೆ.

ಮರು: ಶಿವಮೊಗ್ಗದಿಂದ

ಬೆಳ್ಳಿ ಹುಟ್ಟಿದ್ದೇ ‘ಬೆಳ್’ ಎಂಬ ಬೇರಿನಿಂದ, ಬಿಳಿಯೂ ಅದರದ್ದೇ ನಂಟು. ‘ಬೆಳ್ಳಿಬೆನ್ನು’ ಇಂಗ್ಲಿಷ್ ನೋಡಿ ಮಾಡಿದ್ದಾದರೂ ಅಪ್ಪಟ ಕನ್ನಡ, ಒಪ್ಪಿದೆ. ಮುಂದಿನ ಪುಟದ ‘ಕುಟುಂಬ’ ಒಪ್ಪುವುದಿಲ್ಲ. ‘ಸಂಸಾರ’ ಅಂತ ಯಾರೂ ಸೂಚಿಸಬೇಡಿ, ಅದೂ ಸಂಸ್ಕೃತವೇ.