1961ರ ವೆಸ್ಪಾ 150: ಎಂಜಿನ್ನಿನಲ್ಲಿ ಮೂಲ ಭಾಗಗಳನ್ನು ಗುರುತಿಸುವುದು ಹೇಗೆ?

ಟಿಳಕವಾಡಿ ಸವಾರ (ಬೆಳಗಾವಿ)

ಎಲ್ಲರಿಗೂ ನಮಸ್ಕಾರ. ನಮ್ಮ ಸೋದರಮಾವನವರು ಓಡಿಸುತ್ತಿದ್ದ ವೆಸ್ಪಾ 150 ಈಗ ನನ್ನ ಬಳಿಗೆ ಬಂದಿದೆ. ಆರ್‌ಸಿ ಪುಸ್ತಕದಲ್ಲಿ ತಯಾರಿಕೆಯ ವರ್ಷ 1961 ಎಂದಿದ್ದು, ಚಾಸಿ ಸಂಖ್ಯೆ ‘ವಿಬಿಬಿ1ಟಿ’ ಎಂದು ಆರಂಭವಾಗುತ್ತದೆ. ಇಷ್ಟು ವರ್ಷಗಳಲ್ಲಿ ಎಂಜಿನ್ ಯಾರ‍್ಯಾರ ಕೈಯಲ್ಲಿ ಬಿಚ್ಚಿಸಿಕೊಂಡಿದೆಯೋ ಹೇಳುವವರಿಲ್ಲ. ಭಾಗಗಳೆಲ್ಲ ಸರಿಯಾಗಿ ಕೂತಿರುವುದರಿಂದ ಎಲ್ಲವೂ ಒರಿಜಿನಲ್ ಎಂದು ಗ್ಯಾರೇಜಿನವರು ಹೇಳುತ್ತಾರೆ. ಅದನ್ನು ನಂಬಬಹುದೇ? ಯಾವ ಗುರುತುಗಳನ್ನು ನೋಡಬೇಕು?

ನವನಗರ ಹಳೆಗಾಡಿ (ಬಾಗಲಕೋಟೆ)

ಸರ್, ಸರಿಯಾಗಿ ಕೂತಿದೆ ಎಂಬುದು ನಮ್ಮ ದೇಶದಲ್ಲಿ ಪುರಾವೆಯೇ ಅಲ್ಲ. ಬಜಾಜ್ ಸಂಸ್ಥೆಯು ಇಟಲಿಯ ಪಿಯಾಜಿಯೋ ಕಂಪನಿಯ ಪರವಾನಗಿಯಲ್ಲಿ ವೆಸ್ಪಾ ತಯಾರಿಸುತ್ತಿತ್ತು. ಆ ಪರವಾನಗಿ 1971ರಲ್ಲಿ ಮುಗಿದ ಮೇಲೆ 1972ರಲ್ಲಿ ಚೇತಕ್ ಬಂದಿತು. ಚೇತಕ್ ಎಂಜಿನ್ನಿನ ಬೋರ್ (ಸಿಲಿಂಡರಿನ ಒಳವ್ಯಾಸ) ಮತ್ತು ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ) ಕೂಡ ನಿಮ್ಮ ಗಾಡಿಯಂತೆಯೇ 57 ಮಿ.ಮೀ. ಆಗಿದ್ದು, ಎರಡೂ 145.45 ಸಿಸಿಯವು. ಆದ್ದರಿಂದ ಒಂದರ ಅನೇಕ ಭಾಗಗಳು ಇನ್ನೊಂದಕ್ಕೆ ಹೊಂದುತ್ತವೆ.

ಮೊದಲು ಹಿಂದಿನ ಶಾಕ್ ಅಬ್ಸಾರ್ಬರಿನ ಹತ್ತಿರ ಕ್ರ್ಯಾಂಕ್‌ಕೇಸಿನ, ಅಂದರೆ ಎಂಜಿನ್ನಿನ ಎರಕದ ಹೊರಕವಚದ, ಮೇಲೆ ಹೊಡೆದಿರುವ ಎಂಜಿನ್ ಸಂಖ್ಯೆಯನ್ನು ಭೂತಗನ್ನಡಿಯಲ್ಲಿ ನೋಡಿರಿ. ಪಿಯಾಜಿಯೋದವರು ಚಾಸಿಗೆ ಟಿ, ಎಂಜಿನ್ನಿಗೆ ಎಂ ಅಕ್ಷರ ಬಳಸುತ್ತಿದ್ದರು. ಆದ್ದರಿಂದ ನಿಮ್ಮದು ‘ವಿಬಿಬಿ1ಎಂ’ ಎಂದು ಆರಂಭವಾಗಬೇಕು, ಮುಂದಿನ ಅಂಕಿಗಳು ಆರ್‌ಸಿಯಲ್ಲಿರುವುದಕ್ಕೆ ಹೊಂದಬೇಕು. ಸಂಖ್ಯೆಯ ಸುತ್ತ ಎರಕದ ಒರಟುತನ ಮಾಯವಾಗಿ ಗ್ರೈಂಡರ್ ತಾಗಿದ ಗೆರೆಗಳು ಕಂಡರೆ, ಸಂಖ್ಯೆಯನ್ನು ಆಮೇಲೆ ಹೊಡೆಯಲಾಗಿದೆ ಎಂದೇ ಶಂಕಿಸಬೇಕು.

ಇನ್ನೊಂದು ಸೂಕ್ಷ್ಮವಿದೆ. ಪಿಯಾಜಿಯೋದ ಆರು ಮೂಲೆಯ ಲಾಂಛನ ಬಂದದ್ದು 1967ರಲ್ಲಿ. ಆ ಗುರುತು ಇರುವ ಭಾಗ ಇಟಲಿಯದ್ದೇ ಆಗಿದ್ದರೂ 1961ರ ಎಂಜಿನ್ನಿನ ಜೊತೆ ಕಾರ್ಖಾನೆಯಿಂದ ಬಂದಿರಲು ಸಾಧ್ಯವಿಲ್ಲ. ಹಳೆ ಸಾಮಾನಿನ ವ್ಯಾಪಾರಿಗಳು ಇದೇ ಗುರುತನ್ನು ತೋರಿಸಿ ಹೆಚ್ಚಿನ ಬೆಲೆ ಕೇಳುತ್ತಾರೆ, ಎಚ್ಚರವಿರಲಿ.

ಉದ್ಯಮಬಾಗ ಲೇತ್ (ಬೆಳಗಾವಿ)

ಬಾಗಲಕೋಟೆಯವರ ಮಾತು ಸರಿಯಾಗಿದೆ. ಆದರೆ ಸಂಖ್ಯೆಯಷ್ಟೇ ನೋಡಿ ತೃಪ್ತರಾಗಬೇಡಿರಿ. ಕ್ರ್ಯಾಂಕ್‌ಕೇಸಿನ ಎರಡೂ ಹೋಳುಗಳನ್ನು ಕಾರ್ಖಾನೆಯಲ್ಲಿ ಜೋಡಿಯಾಗಿಯೇ ಮಷೀನ್ ಮಾಡಿರುತ್ತಾರೆ. ಸಂಖ್ಯೆಯಿರುವ ಹೋಳು ಇಟಲಿಯದ್ದಾಗಿದ್ದು ಇನ್ನೊಂದು ಹೋಳು ಬೇರೆ ಗಾಡಿಯದ್ದಾಗಿದ್ದರೆ ಬೇರಿಂಗಿನ ಮನೆಗಳು ಒಂದೇ ನೇರಕ್ಕೆ ಬರುವುದಿಲ್ಲ. ಎರಡರ ಎರಕದ ಬಣ್ಣ, ಮೇಲ್ಮೈ, ಸೇರುವ ಅಂಚಿನ ಮಟ್ಟ ಇವನ್ನು ಹೋಲಿಸಿದರೆ ಸಾಮಾನ್ಯವಾಗಿ ಬೇಗನೆ ತಿಳಿಯುತ್ತದೆ.

ಈ ಎಂಜಿನ್ನಿನಲ್ಲಿ ಪೆಟ್ರೋಲ್ ಮಿಶ್ರಣವು ಸಿಲಿಂಡರಿನ ಮೂಲಕವಲ್ಲ, ನೇರವಾಗಿ ಕ್ರ್ಯಾಂಕ್‌ಕೇಸಿಗೆ ಬರುತ್ತದೆ. ಪಿಸ್ಟನ್ ತಿರುಗಿಸುವ ಕ್ರ್ಯಾಂಕಿನ ಚಕ್ರದ ಅಂಚೇ ಮಿಶ್ರಣ ಒಳಬರುವ ಕಿಂಡಿಯನ್ನು ತೆರೆದು ಮುಚ್ಚುತ್ತದೆ. ಕಿಂಡಿಯ ಸುತ್ತಲಿನ ಮೇಲ್ಮೈಯಲ್ಲಿ ಗೀರು ಬಿದ್ದಿದ್ದರೆ ಮಿಶ್ರಣ ಕಾರ್ಬೋರೇಟರಿನತ್ತ ಹಿಂದಕ್ಕೆ ಉಗುಳುತ್ತದೆ, ಸ್ಟಾರ್ಟ್ ಮಾಡುವುದೂ ಕಷ್ಟವಾಗುತ್ತದೆ. ಅನೇಕರು ಮೂಲ ಕೇಸನ್ನು ಎಸೆದು ಚೇತಕ್‌ನದನ್ನು ಹಾಕಿಸಿಕೊಂಡದ್ದು ಈ ಕಾರಣಕ್ಕೇ. ನಿಮ್ಮ ಕೇಸು ಮೂಲದ್ದೆಂದು ಖಚಿತವಾದರೆ, ಗೀರಿದ್ದರೂ ಅದನ್ನು ಬಿಡಬೇಡಿರಿ. ವೆಲ್ಡ್ ತುಂಬಿ ಮತ್ತೆ ಮಷೀನ್ ಮಾಡಬಹುದು. ಕ್ರ್ಯಾಂಕ್‌ಶಾಫ್ಟ್ ಕೆಲಸಕ್ಕೆ ಹೆಸರಾದ ನಮ್ಮ ಊರಿನಲ್ಲಿ ಇದಕ್ಕಾಗಿ ಪುಣೆಯವರೆಗೆ ಹೋಗಬೇಕಾಗಿಲ್ಲ.

ಉಳಿದವು ಸುಲಭ. ಕಾರ್ಬೋರೇಟರಿನ ಮೈಮೇಲೆ ಡೆಲ್ ಒರ್ಟೊ ಎಂಬ ಹೆಸರೂ ಎಸ್‌ಐ 20/17 ಎಂಬ ಗುರುತೂ ಇರಬೇಕು. ಸ್ಪಾಕೊ ಎಂದಿದ್ದರೆ ಅದು ಭಾರತದಲ್ಲಿ ತಯಾರಾದದ್ದು. ಮ್ಯಾಗ್ನೆಟ್ ಬಿಚ್ಚಿದಾಗ ಕಿಡಿ ಹಾರಿಸುವ ಪಾಯಿಂಟ್ ಬದಲು ಸಿಡಿಐ (ಎಲೆಕ್ಟ್ರಾನಿಕ್ ಕಿಡಿ ವ್ಯವಸ್ಥೆ) ಕಂಡರೆ ಅದು ಬಹಳ ಈಚಿನದು. ಪಿಸ್ಟನ್ ತಲೆಯ ಮೇಲೆ 57.2 ಅಥವಾ 57.4 ಎಂದಿದ್ದರೆ ಬೋರ್ ಆಗಿದೆ, ಅಂದರೆ ಸಿಲಿಂಡರಿನ ಒಳಗೆ ಕೊರೆದು ಅಗಲ ಮಾಡಲಾಗಿದೆ ಎಂದರ್ಥ. ಭಾಗಗಳ ಫೋಟೋ ತೆಗೆಯುವ ಮೊದಲು ಸ್ಯಾಂಡ್‌ಬ್ಲಾಸ್ಟ್ ಮಾಡಿಸಬೇಡಿರಿ, ಸೀಮೆಎಣ್ಣೆಯಲ್ಲಿ ತೊಳೆದರೆ ಸಾಕು. ಬ್ಲಾಸ್ಟಿಂಗ್‌ನಲ್ಲಿ ತೆಳುವಾದ ಮುದ್ರೆಗಳು ಅಳಿಸಿಹೋಗುತ್ತವೆ.

ಗುಮ್ಮಟನಗರಿ (ವಿಜಯಪುರ)

ಸವೆಯುವ ಭಾಗಗಳ ವಿಷಯದಲ್ಲಿ ಇಷ್ಟು ಹಟ ಬೇಕೇ ಎಂಬುದು ನನ್ನ ಅನುಮಾನ. ಬೇರಿಂಗಿನ ಮೇಲೆ ಆರ್‌ಐವಿ ಎಂದು ಇಟಲಿಯ ತಯಾರಕರ ಹೆಸರಿದ್ದರೆ ನೋಡಲು ಸಂತೋಷವೇ. ಆದರೆ ಸದ್ದು ಮಾಡುವ ಬೇರಿಂಗನ್ನು ಗೌರವಕ್ಕಾಗಿ ಉಳಿಸಿಕೊಂಡರೆ ಕೇಸೇ ಹಾಳಾಗುತ್ತದೆ. ಬೇರಿಂಗ್, ಸೀಲ್, ರಿಂಗ್, ಕ್ಲಚ್ ಪ್ಲೇಟ್ ಹೊಸವೇ ಇರಲಿ, ಹಳೆಯವನ್ನು ಚೀಟಿ ಅಂಟಿಸಿ ಎತ್ತಿಡಿರಿ.

ಕಾನೂನಿನ ಮಾತೂ ಇದೆ. ಜುಲೈ 2021ರ ಕೇಂದ್ರದ ನಿಯಮದಂತೆ 50 ವರ್ಷ ಮೀರಿದ, ಚಾಸಿ, ಬಾಡಿ ಮತ್ತು ಎಂಜಿನ್ನಿನಲ್ಲಿ ಗಣನೀಯ ಬದಲಾವಣೆ ಆಗಿರದ ಗಾಡಿಗೆ ವಿಂಟೇಜ್ ನೋಂದಣಿ ಸಿಗುತ್ತದೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಆದರೆ ಅಂಥ ಗಾಡಿಯನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಕೇಸು ಬದಲಾಗಿದ್ದರೆ ಸಂಖ್ಯೆಯನ್ನು ಹೊಸದಾಗಿ ಹೊಡೆಸುವ ಸಲಹೆ ಯಾರೇ ಕೊಟ್ಟರೂ ಕೇಳಬೇಡಿರಿ, ಅದು ಅಪರಾಧ. ಆರ್‌ಟಿಒ ಕಚೇರಿಯಲ್ಲಿ ಬದಲಾವಣೆಯನ್ನು ದಾಖಲಿಸುವುದೇ ದಾರಿ.

ಟಿಳಕವಾಡಿ ಸವಾರ (ಬೆಳಗಾವಿ)

ಮೂವರಿಗೂ ಧನ್ಯವಾದಗಳು. ಸಂಖ್ಯೆ ‘ವಿಬಿಬಿ1ಎಂ’ ಎಂದೇ ಇದೆ, ಆರ್‌ಸಿಗೂ ಹೊಂದುತ್ತದೆ, ಸುತ್ತಲಿನ ಎರಕ ಒರಟಾಗಿಯೇ ಇದೆ. ಕಾರ್ಬೋರೇಟರ್ ಮಾತ್ರ ಸ್ಪಾಕೊದ್ದು. ಕಿಂಡಿಯ ಅಂಚಿನಲ್ಲಿ ಉಗುರಿಗೆ ತಾಗುವಷ್ಟು ಗೀರಿದೆ. ಉದ್ಯಮಬಾಗದವರೇ, ಎರಡೂ ಹೋಳುಗಳ ಜೊತೆ ಕ್ರ್ಯಾಂಕನ್ನೂ ತರಬೇಕೇ, ಅಥವಾ ಅಳತೆಗೆ ಕೇಸು ಮಾತ್ರ ಸಾಕೇ?

ಉದ್ಯಮಬಾಗ ಲೇತ್ (ಬೆಳಗಾವಿ)

ಕ್ರ್ಯಾಂಕನ್ನೂ ತನ್ನಿರಿ. ಅದರ ಚಕ್ರದ ಅಳತೆ ಸಿಗದೆ ಕಿಂಡಿಯ ಮೇಲ್ಮೈಯನ್ನು ಎಷ್ಟು ಕೊರೆಯಬೇಕೆಂದು ನಿರ್ಧರಿಸಲಾಗದು.